ಬ್ರೂನೊ ಟೂಶೆಕ್ (1921–1978): ಎಲೆಕ್ಟ್ರಾನ್ ದೂಲದ ಆಯುಷ್ಯವನ್ನು ಅಳೆದ ವಿಜ್ಞಾನಿ

ವಿಜ್ಞಾನಿಗಳ ಪರಿಚಯ

ಎಲೆಕ್ಟ್ರಾನ್‌ಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಒಯ್ದು, ಗಾಳಿಯಿಲ್ಲದ ಉಂಗುರಾಕಾರದ ಕೊಳವೆಯೊಳಗೆ ಗಂಟೆಗಟ್ಟಲೆ ಸುತ್ತಿಸುವ ಯಂತ್ರಗಳು ಇಂದು ಪ್ರಪಂಚದ ಅನೇಕ ದೇಶಗಳಲ್ಲಿವೆ. ಇವುಗಳನ್ನು ಶೇಖರಣಾ ಉಂಗುರಗಳೆಂದು ಕರೆಯಲಾಗುತ್ತದೆ. ಭಾರತದಲ್ಲಿ ಮಧ್ಯಪ್ರದೇಶದ ಇಂದೋರ್ ನಗರದ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರದಲ್ಲಿರುವ ಇಂಡಸ್-1 ಮತ್ತು ಇಂಡಸ್-2 ಈ ಬಗೆಯ ಯಂತ್ರಗಳಾಗಿವೆ. ತುಮಕೂರು ಜಿಲ್ಲೆಯಲ್ಲಿ ಜನಿಸಿದ ಪರಮಾಣು ವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ಹೆಸರನ್ನು ಈ ಕೇಂದ್ರಕ್ಕೆ 2005ರಲ್ಲಿ ಇಡಲಾಯಿತು.

ಇಂತಹ ಯಂತ್ರವನ್ನು ರೂಪಿಸುವ ಪ್ರತಿಯೊಬ್ಬ ತಂತ್ರಜ್ಞನೂ ಲೆಕ್ಕ ಹಾಕಲೇಬೇಕಾದ ಒಂದು ಪ್ರಮಾಣವಿದೆ. ಅದರ ಹೆಸರು ಟೂಶೆಕ್ ಆಯುಷ್ಯ. ಉಂಗುರದಲ್ಲಿ ತುಂಬಿಸಿದ ಎಲೆಕ್ಟ್ರಾನ್‌ಗಳು ಪರಸ್ಪರ ತಾಕಲಾಟದಿಂದಲೇ ಕಳೆದುಹೋಗಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಈ ಪ್ರಮಾಣಕ್ಕೆ ತಮ್ಮ ಹೆಸರನ್ನು ಕೊಟ್ಟ ಬ್ರೂನೊ ಟೂಶೆಕ್ ಅವರ ಜೀವನ ಮತ್ತು ಕಾರ್ಯದ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಬ್ರೂನೊ ಟೂಶೆಕ್ ಅವರು 1921ನೇ ಇಸವಿ ಫೆಬ್ರವರಿ 3ರಂದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಜನಿಸಿದರು. ತಂದೆ ಆಸ್ಟ್ರಿಯಾದ ಸೇನೆಯಲ್ಲಿ ಅಧಿಕಾರಿಯಾಗಿದ್ದರು. ತಾಯಿ ಯಹೂದಿ ಮನೆತನಕ್ಕೆ ಸೇರಿದವರು. ಮಗ ಇನ್ನೂ ಬಾಲಕನಾಗಿದ್ದಾಗಲೇ ಅವರು ತೀರಿಕೊಂಡರು. ತಾಯಿಯ ಕಡೆಯ ಬಂಧುಗಳಲ್ಲಿ ಆಡಾ ಎಂಬ ಚಿಕ್ಕಮ್ಮ ರೋಮ್ ನಗರದಲ್ಲಿ ನೆಲೆಸಿದ್ದರು. ರಜೆಯ ದಿನಗಳಲ್ಲಿ ಬಾಲಕ ಬ್ರೂನೊ ಅಲ್ಲಿಗೆ ಹೋಗಿಬರುತ್ತಿದ್ದುದುಂಟು. ಆ ಹೆಸರು ಮುಂದೆ ವಿಜ್ಞಾನದ ಚರಿತ್ರೆಯಲ್ಲಿ ಬೇರೊಂದು ಕಾರಣಕ್ಕಾಗಿ ಉಳಿಯಿತು.

1938ರ ಮಾರ್ಚ್ ತಿಂಗಳಿನಲ್ಲಿ ಆಸ್ಟ್ರಿಯಾವನ್ನು ಜರ್ಮನಿಯು ತನ್ನೊಳಗೆ ಸೇರಿಸಿಕೊಂಡಿತು. ಅಂದಿನ ನಾಜಿ ಆಡಳಿತದ ಕಾನೂನುಗಳು ಪ್ರಜೆಗಳನ್ನು ಅವರ ಅಜ್ಜ ಅಜ್ಜಿಯರ ಮೂಲದ ಆಧಾರದ ಮೇಲೆ ವಿಂಗಡಿಸುತ್ತಿದ್ದವು. ಈ ವಿಂಗಡಣೆಯಂತೆ ಟೂಶೆಕ್ ಅವರು ಅರ್ಧ ಯಹೂದಿ ಎಂದು ದಾಖಲಾದರು. ತಾಯಿಯ ಮೂಲದ ಕಾರಣದಿಂದ ಶಾಲೆಯನ್ನು ಬಿಡಬೇಕಾಗಿ ಬಂದುದರಿಂದ, ಅವರು ಅಂತಿಮ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬೇರೊಂದು ಶಾಲೆಯಲ್ಲಿ ಬರೆದು ತೇರ್ಗಡೆಯಾದರು. 1939ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಅಧ್ಯಯನವನ್ನು ಆರಂಭಿಸಿದರು. 1940ರಲ್ಲಿ ಅದೇ ಕಾರಣಕ್ಕಾಗಿ ಅಲ್ಲಿಂದಲೂ ಅವರನ್ನು ಹೊರಗೆ ಹಾಕಲಾಯಿತು. ಅಂಕಗಳಲ್ಲಿ ಕೊರತೆಯಿರಲಿಲ್ಲ, ನಡತೆಯ ಮೇಲೆ ದೂರೂ ಇರಲಿಲ್ಲ. ದಾಖಲೆಯ ಒಂದು ಕಲಮಿನಲ್ಲಿ ಬರೆದ ಒಂದು ಪದವೇ ಸಾಕಾಯಿತು.

ಅವರ ಪ್ರತಿಭೆಯನ್ನು ಬಲ್ಲ ಕೆಲವರು ಸುಮ್ಮನೆ ಕೂರಲಿಲ್ಲ. ವಿಯೆನ್ನಾದ ಯುವ ಅಧ್ಯಾಪಕ ಪಾಲ್ ಅರ್ಬನ್ ಅವರು ಮನೆಯಲ್ಲಿ ಓದಲು ಪುಸ್ತಕಗಳನ್ನು ಒದಗಿಸಿದರು. ಮ್ಯೂನಿಕ್ ನಗರದ ಹಿರಿಯ ಭೌತವಿಜ್ಞಾನಿ ಆರ್ನಾಲ್ಡ್ ಸಾಮರ್‌ಫೆಲ್ಡ್ ಅವರ ಶಿಫಾರಸಿನಿಂದ ಟೂಶೆಕ್ ಅವರಿಗೆ ಜರ್ಮನಿಯ ವಿಜ್ಞಾನಿಗಳ ಪರಿಚಯ ದೊರೆಯಿತು. 1942ರಲ್ಲಿ ಅವರು ತಮ್ಮ ಮೂಲವನ್ನು ಯಾರೂ ತಿಳಿಯದ ಹ್ಯಾಂಬರ್ಗ್ ನಗರಕ್ಕೆ ತೆರಳಿದರು. ಅಲ್ಲಿ ಪರಿಚಿತರ ಮನೆಗಳಲ್ಲಿ ತಂಗುತ್ತ, ವಿಶ್ವವಿದ್ಯಾಲಯದ ತರಗತಿಗಳಲ್ಲಿ ಹೆಸರು ನೋಂದಾಯಿಸದೆಯೇ ಕುಳಿತು ಪಾಠ ಕೇಳಿದರು. ಹೊಟ್ಟೆಪಾಡಿಗಾಗಿ ರೇಡಿಯೋ ಕೊಳವೆಗಳನ್ನು ತಯಾರಿಸುವ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಿದರು. ಎಲೆಕ್ಟ್ರಾನ್‌ಗಳ ನಡೆಯೊಂದಿಗೆ ಅವರ ಮೊದಲ ಪರಿಚಯವಾದುದು ಈ ಕೆಲಸದಲ್ಲಿಯೇ.

ಬೀಟಾಟ್ರಾನ್ ಯಂತ್ರ

ಆ ಕಾಲದಲ್ಲಿ ನಾರ್ವೆ ದೇಶದ ಎಂಜಿನಿಯರ್ ರೋಲ್ಫ್ ವಿಡರೋ ಅವರು ಎಲೆಕ್ಟ್ರಾನ್‌ಗಳನ್ನು ವೃತ್ತಾಕಾರದ ಕಕ್ಷೆಯಲ್ಲಿ ಸುತ್ತಿಸುತ್ತ ವೇಗ ಹೆಚ್ಚಿಸುವ ಯಂತ್ರದ ಬಗ್ಗೆ ಕಾರ್ಯನಿರತರಾಗಿದ್ದರು. ಇದರಲ್ಲಿ ಉಂಗುರದ ನಡುವಿನ ಕಾಂತಕ್ಷೇತ್ರವನ್ನು ಕ್ರಮೇಣ ಏರಿಸುತ್ತ ಹೋದಂತೆ ಎಲೆಕ್ಟ್ರಾನ್‌ಗಳು ಮುಂದಕ್ಕೆ ತಳ್ಳಲ್ಪಡುತ್ತವೆ. ವೇಗ ಏರಿದರೂ ಅವು ಒಂದೇ ಕಕ್ಷೆಯಲ್ಲಿ ಉಳಿಯಬೇಕಾದರೆ, ಕಕ್ಷೆಯ ಮೇಲಿನ ಕಾಂತಕ್ಷೇತ್ರವು ಕಕ್ಷೆಯ ಒಳಗಿನ ಸರಾಸರಿ ಕಾಂತಕ್ಷೇತ್ರದ ಸರಿಯಾಗಿ ಅರ್ಧದಷ್ಟಿರಬೇಕು. ಈ ನಿಯಮವನ್ನು ವಿಡರೋ ಅವರು 1920ರ ದಶಕದಲ್ಲಿಯೇ ಕಂಡುಕೊಂಡಿದ್ದರೂ ಅವರ ಮೊದಲ ಯಂತ್ರ ಕೆಲಸ ಮಾಡಲಿಲ್ಲ. ಎಲೆಕ್ಟ್ರಾನ್ ಪಕ್ಕಕ್ಕೆ ಸ್ವಲ್ಪ ವಾಲಿದರೂ ಅದನ್ನು ಹಿಂದಕ್ಕೆ ತರುವ ಏರ್ಪಾಡು ಅದರಲ್ಲಿರಲಿಲ್ಲ. ಅಮೆರಿಕದ ಡೊನಾಲ್ಡ್ ಕರ್ಸ್ಟ್ ಅವರು 1940ರಲ್ಲಿ ಆ ಏರ್ಪಾಡಿನೊಂದಿಗೆ ಮೊದಲ ಬೀಟಾಟ್ರಾನ್ ಯಂತ್ರವನ್ನು ನಡೆಸಿ ತೋರಿಸಿದರು.

ಜರ್ಮನಿಯಲ್ಲಿ ವಾಯುಸೇನಾ ಸಚಿವಾಲಯದ ಹಣದಿಂದ, 15 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಬೀಟಾಟ್ರಾನ್ ಒಂದನ್ನು ಕಟ್ಟುವ ಹೊಣೆ ವಿಡರೋ ಅವರಿಗೆ ಬಂದಿತು. ಅವರ ಲೇಖನವೊಂದರಲ್ಲಿ ಸಾಪೇಕ್ಷತಾ ಸಿದ್ಧಾಂತಕ್ಕೆ ಸಂಬಂಧಿಸಿದ ದೋಷವನ್ನು ಕಂಡ ಟೂಶೆಕ್ ಅವರು ವಿಡರೋ ಅವರಿಗೆ ಪತ್ರ ಬರೆದರು. ವಿಡರೋ ಅವರು ಕೋಪಿಸಿಕೊಳ್ಳುವ ಬದಲು ಪತ್ರ ಬರೆದ ಯುವಕನನ್ನೇ ತಮ್ಮ ತಂಡಕ್ಕೆ ಸೇರಿಸಿಕೊಂಡರು. ಹೀಗೆ, ಯಾವ ಆಡಳಿತ ತಮ್ಮನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿತ್ತೋ ಅದೇ ಆಡಳಿತದ ಯೋಜನೆಯಲ್ಲಿ ಟೂಶೆಕ್ ಅವರು ಸಿದ್ಧಾಂತದ ಲೆಕ್ಕಗಳನ್ನು ಮಾಡುವವರಾದರು. ಅದು ಅವರಿಗೆ ಒಂದು ಮಟ್ಟಿಗೆ ರಕ್ಷಣೆಯೂ ಆಗಿತ್ತು. 1944ರಲ್ಲಿ ಆ ಯಂತ್ರ ಹ್ಯಾಂಬರ್ಗ್‌ನಲ್ಲಿ ಕಾರ್ಯಾರಂಭ ಮಾಡಿತು.

ಟೂಶೆಕ್ ಅವರು ಆಗ ಕೈಗೆತ್ತಿಕೊಂಡ ಲೆಕ್ಕಗಳಲ್ಲಿ ಒಂದು ಮುಖ್ಯವಾದುದು. ಬಾಗಿದ ಹಾದಿಯಲ್ಲಿ ಸಾಗುವ ಎಲೆಕ್ಟ್ರಾನ್ ಸುಮ್ಮನೆ ಸಾಗುವುದಿಲ್ಲ. ಬೆಳಕನ್ನು ಸೂಸುತ್ತ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಒಂದೇ ಅಳತೆಯ ಉಂಗುರದಲ್ಲಿ ಎಲೆಕ್ಟ್ರಾನಿನ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಪ್ರತಿ ಸುತ್ತಿನ ನಷ್ಟ 16 ಪಟ್ಟಾಗುತ್ತದೆ. ಮೇಲ್ನೋಟಕ್ಕೆ ಇದು ಕೇವಲ ನಷ್ಟ. ಆದರೆ ಇದರಿಂದ ಒಂದು ಲಾಭವೂ ಇದೆ. ಎಲೆಕ್ಟ್ರಾನ್ ತಾನು ಸಾಗುತ್ತಿರುವ ದಿಕ್ಕಿನಲ್ಲಿಯೇ ಬೆಳಕನ್ನು ಸೂಸುವುದರಿಂದ, ಮುನ್ನಡೆಯ ಜೊತೆಗೆ ಅದರ ಪಕ್ಕದ ಅಲುಗಾಟವೂ ತುಸು ತಗ್ಗುತ್ತದೆ. ನಂತರದ ಕಾಲದ ಉಂಗುರಗಳಲ್ಲಿ ನಷ್ಟವನ್ನು ತುಂಬಿಕೊಡುವ ವಿದ್ಯುತ್ ಕ್ಷೇತ್ರವು ಮುಂದಕ್ಕೆ ಮಾತ್ರ ತಳ್ಳುತ್ತದೆ. ಹೀಗೆ ಲಕ್ಷಾಂತರ ಸುತ್ತುಗಳಾದ ಮೇಲೆ ಅಲುಗಾಟ ಅಡಗಿ, ದಪ್ಪವಾಗಿದ್ದ ದೂಲ ತೆಳ್ಳಗಿನ ಎಳೆಯಂತಾಗುತ್ತದೆ. ಎಲೆಕ್ಟ್ರಾನ್ ದೂಲವನ್ನು ಹದ್ದುಬಸ್ತಿನಲ್ಲಿಡುವ ಕೆಲಸದ ಒಂದು ಪಾಲನ್ನು ಎಲೆಕ್ಟ್ರಾನ್‌ಗಳೇ ಮಾಡಿಕೊಳ್ಳುತ್ತವೆ ಎಂಬುದು ಇದರ ಸಾರ.

ಸೆರೆವಾಸ

1945ರ ಆರಂಭದಲ್ಲಿ ರಹಸ್ಯ ಪೊಲೀಸರು ಟೂಶೆಕ್ ಅವರನ್ನು ಬಂಧಿಸಿದರು. ಗ್ರಂಥಾಲಯದಲ್ಲಿ ವಿದೇಶೀ ಪತ್ರಿಕೆಗಳನ್ನು ಪದೇ ಪದೇ ಓದುತ್ತಿದ್ದುದು ಅನುಮಾನಕ್ಕೆ ಕಾರಣವಾಯಿತೆಂದು ಹೇಳಲಾಗಿದೆ. ಹ್ಯಾಂಬರ್ಗ್‌ನ ಫೂಲ್ಸ್‌ಬ್ಯೂಟೆಲ್ ಸೆರೆಮನೆಯಲ್ಲಿ ಅವರನ್ನು ಇರಿಸಲಾಯಿತು. ವಿಡರೋ ಅವರು ಅಲ್ಲಿಗೆ ಹೋಗಿ ಆಹಾರ, ಸಿಗರೇಟು ಮತ್ತು ಪುಸ್ತಕಗಳನ್ನು ತಲುಪಿಸುತ್ತಿದ್ದರು. ಆ ಪುಸ್ತಕಗಳಲ್ಲಿ ವಿಕಿರಣದ ಕ್ವಾಂಟಂ ಸಿದ್ಧಾಂತವನ್ನು ಕುರಿತು ವಾಲ್ಟರ್ ಹೈಟ್ಲರ್ ಅವರು ಬರೆದ ಗ್ರಂಥವೂ ಒಂದು. ಅದರ ಪುಟಗಳ ಅಂಚಿನಲ್ಲಿ ಕಣ್ಣಿಗೆ ಕಾಣದ ಶಾಯಿಯಿಂದ ಟೂಶೆಕ್ ಅವರು ಬೀಟಾಟ್ರಾನಿನ ವಿಕಿರಣವನ್ನು ಕುರಿತ ಟಿಪ್ಪಣಿಗಳನ್ನು ಬರೆದಿಟ್ಟರೆಂದು ಅವರ ಜೀವನಚರಿತ್ರೆಕಾರ, ಇಟಲಿಯ ಭೌತವಿಜ್ಞಾನಿ ಎಡೊಆರ್ಡೊ ಅಮಾಲ್ಡಿ ದಾಖಲಿಸಿದ್ದಾರೆ.

ಏಪ್ರಿಲ್ ತಿಂಗಳಿನಲ್ಲಿ ಮಿತ್ರರಾಷ್ಟ್ರಗಳ ಸೇನೆ ಸಮೀಪಿಸುತ್ತಿದ್ದಂತೆ, ಕೈದಿಗಳನ್ನು ಕೀಲ್ ನಗರದ ಶಿಬಿರಕ್ಕೆ ಕಾಲ್ನಡಿಗೆಯಲ್ಲಿ ಸಾಗಿಸಲಾಯಿತು. ಜ್ವರದಿಂದ ಬಳಲಿದ್ದ ಟೂಶೆಕ್ ಅವರು ಪುಸ್ತಕಗಳ ಹೊರೆಯನ್ನು ಹೊತ್ತು ನಡೆಯುತ್ತಿದ್ದವರು ದಾರಿಯಲ್ಲಿ ಕುಸಿದುಬಿದ್ದರು. ಕಾವಲಿನವನು ಅವರತ್ತ ಗುಂಡು ಹಾರಿಸಿದನು. ಗುಂಡು ಕಿವಿಯ ಬಳಿ ಗಾಯ ಮಾಡಿಕೊಂಡು ಹೋಯಿತು. ಸತ್ತನೆಂದು ತಿಳಿದು ಅವರನ್ನು ರಸ್ತೆಯ ಬದಿಯಲ್ಲಿಯೇ ಬಿಟ್ಟು ಮೆರವಣಿಗೆ ಮುಂದೆ ಸಾಗಿತು. ಆಸ್ಪತ್ರೆಗೆ ಸೇರಿದ ಅವರನ್ನು ಮತ್ತೊಮ್ಮೆ ಬಂಧಿಸಲಾಯಿತಾದರೂ, ಕೆಲವೇ ದಿನಗಳಲ್ಲಿ ಯುದ್ಧ ಮುಗಿದು ಬಿಡುಗಡೆ ದೊರೆಯಿತು. ಆಗ ಅವರ ವಯಸ್ಸು 24.

ಗಾಟಿಂಗೆನ್, ಗ್ಲಾಸ್ಗೋ, ರೋಮ್

ಯುದ್ಧಾನಂತರ ಅವರು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿ, ಬೀಟಾಟ್ರಾನ್ ಸಿದ್ಧಾಂತದ ಮೇಲೆ ಪ್ರಬಂಧ ಬರೆದು 1946ರಲ್ಲಿ ತಡೆದುಹೋಗಿದ್ದ ಪದವಿಯನ್ನು ಪಡೆದರು. 1947ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಹೋದರು. 1949ರಲ್ಲಿ ಡಾಕ್ಟರೇಟ್ ಗಳಿಸಿದರು. ಅಲ್ಲಿ ಆಗ ಕಟ್ಟಲಾಗುತ್ತಿದ್ದ ಎಲೆಕ್ಟ್ರಾನ್ ಸಿಂಕ್ರೊಟ್ರಾನ್ ಯಂತ್ರದ ಲೆಕ್ಕಗಳಲ್ಲಿಯೂ ನೆರವಾದರು. 1952ರ ಕೊನೆಯಲ್ಲಿ ಅಮಾಲ್ಡಿ ಅವರ ಆಹ್ವಾನದ ಮೇರೆಗೆ ರೋಮ್ ನಗರಕ್ಕೆ ಬಂದು, ಇಟಲಿಯ ರಾಷ್ಟ್ರೀಯ ಪರಮಾಣು ಭೌತವಿಜ್ಞಾನ ಸಂಸ್ಥೆಯಲ್ಲಿ ಸಂಶೋಧಕರಾದರು. ಜೀವನದ ಉಳಿದ ಭಾಗವನ್ನೆಲ್ಲ ಇಟಲಿಯಲ್ಲಿಯೇ ಕಳೆದರೂ ಆಸ್ಟ್ರಿಯಾದ ಪೌರತ್ವವನ್ನು ಅವರು ಬಿಟ್ಟುಕೊಡಲಿಲ್ಲ. ವಿದೇಶೀಯರಾದ ಕಾರಣ ವಿಶ್ವವಿದ್ಯಾಲಯದ ಖಾಯಂ ಪ್ರಾಧ್ಯಾಪಕ ಪದವಿಯ ದಾರಿ ಅವರಿಗೆ ಬಹುಕಾಲ ಸುಗಮವಾಗಿರಲಿಲ್ಲ.

ರೋಮಿನಲ್ಲಿ ಅವರು ಮೋಟಾರ್ ಸೈಕಲ್ ಸವಾರಿಗೂ ವ್ಯಂಗ್ಯಚಿತ್ರಗಳಿಗೂ ಹೆಸರಾಗಿದ್ದರು. ಸಭೆಗಳು ನಡೆಯುತ್ತಿರುವಾಗಲೇ ಸಹೋದ್ಯೋಗಿಗಳ ಚಿತ್ರಗಳನ್ನು ಗೀಚುತ್ತಿದ್ದರು. ಅವುಗಳಲ್ಲಿ ಅನೇಕವು ಇಂದಿಗೂ ಉಳಿದಿವೆ. ಕಚೇರಿ ಸಭೆಗಳಲ್ಲಿ ಕುಳಿತ ಅನುಭವವಿರುವ ಯಾರಿಗಾದರೂ ಅವು ಅರ್ಥವಾಗುವಂತಿವೆ.

ಆಡಾ ಉಂಗುರ

ರೋಮಿನ ಸಮೀಪದ ಫ್ರಸ್ಕಾಟಿ ಪ್ರಯೋಗಾಲಯದಲ್ಲಿ 1,100 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಸಿಂಕ್ರೊಟ್ರಾನ್ ಯಂತ್ರವು 1959ರಲ್ಲಿ ಕೆಲಸ ಆರಂಭಿಸಿತ್ತು. 1960ರ ಮಾರ್ಚ್ 7ರಂದು ಅಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಟೂಶೆಕ್ ಅವರು ಒಂದು ಪ್ರಸ್ತಾವವನ್ನು ಮಂಡಿಸಿದರು. ಎಲೆಕ್ಟ್ರಾನ್‌ಗಳನ್ನೂ ಅವುಗಳ ವಿರುದ್ಧ ಆವೇಶದ ಪ್ರತಿಕಣಗಳಾದ ಪಾಸಿಟ್ರಾನ್‌ಗಳನ್ನೂ ಒಂದೇ ಉಂಗುರದಲ್ಲಿ ಎದುರುಬದುರಾಗಿ ಸುತ್ತಿಸಿ ಡಿಕ್ಕಿ ಹೊಡೆಸಬೇಕೆಂಬುದೇ ಆ ಪ್ರಸ್ತಾವ. ಎರಡು ಕಣಗಳ ಆವೇಶ ವಿರುದ್ಧವಾದುದರಿಂದ, ಎಲೆಕ್ಟ್ರಾನನ್ನು ಒಂದು ದಿಕ್ಕಿಗೆ ಬಾಗಿಸುವ ಕಾಂತವೇ ಪಾಸಿಟ್ರಾನನ್ನು ಅದೇ ಹಾದಿಯಲ್ಲಿ ಎದುರು ದಿಕ್ಕಿನಿಂದ ಬಾಗಿಸಿ ತರುತ್ತದೆ. ಬೇರೆ ಉಂಗುರದ ಅಗತ್ಯವೇ ಇಲ್ಲ.

ಎದುರುಬದುರು ಡಿಕ್ಕಿಯಿಂದ ಆಗುವ ಪ್ರಯೋಜನವನ್ನು ಒಂದು ಲೆಕ್ಕದಿಂದ ತಿಳಿಯಬಹುದಾಗಿದೆ. ತಲಾ 250 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಕಣಗಳು ಎದುರಾದರೆ 500 ದಶಲಕ್ಷವೂ ಹೊಸ ಕಣಗಳ ಸೃಷ್ಟಿಗೆ ದೊರೆಯುತ್ತದೆ. ನಿಂತಿರುವ ಎಲೆಕ್ಟ್ರಾನಿಗೆ ಪಾಸಿಟ್ರಾನನ್ನು ಹೊಡೆಸಿ ಅಷ್ಟೇ ಶಕ್ತಿಯನ್ನು ಪಡೆಯಬೇಕಾದರೆ, ಆ ಪಾಸಿಟ್ರಾನಿಗೆ ಸುಮಾರು 2,45,000 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಕೊಡಬೇಕಾಗುತ್ತದೆ. ಉಳಿದುದೆಲ್ಲ ಕಣಗಳನ್ನು ಮುಂದಕ್ಕೆ ನೂಕುವುದರಲ್ಲಿಯೇ ವ್ಯರ್ಥವಾಗುತ್ತದೆ.

ಹೊಸದಾಗಿ ನಡೆಯತೊಡಗಿದ್ದ ಸಿಂಕ್ರೊಟ್ರಾನನ್ನೇ ಇದಕ್ಕಾಗಿ ಮಾರ್ಪಡಿಸಬೇಕೆಂಬ ಟೂಶೆಕ್ ಅವರ ಮೊದಲ ಆಸೆಯನ್ನು ಪ್ರಯೋಗಾಲಯವು ಒಪ್ಪಲಿಲ್ಲ. ಅದರ ಬದಲಿಗೆ ಪುಟ್ಟ ಉಂಗುರವೊಂದನ್ನು ಕಟ್ಟಲು ಅನುಮತಿ ದೊರೆಯಿತು. ಇಟಾಲಿಯನ್ ಭಾಷೆಯಲ್ಲಿ ಶೇಖರಣಾ ಉಂಗುರ ಎಂಬುದರ ಮೊದಲಕ್ಷರಗಳನ್ನು ಸೇರಿಸಿ ಅದಕ್ಕೆ ಆಡಾ ಎಂದು ಹೆಸರಿಡಲಾಯಿತು. ಚಿಕ್ಕಮ್ಮನ ಹೆಸರೂ ಅದೇ ಆಗಿದ್ದಿತು. ಕಾರ್ಲೊ ಬರ್ನಾರ್ಡಿನಿ, ಜಾನ್‌ಫ್ರಾಂಕೊ ಕೊರಾಜ್ಜಾ ಮತ್ತು ಜಾರ್ಜೊ ಗೀಗೊ ಅವರು ಟೂಶೆಕ್ ಅವರ ಜೊತೆಗೂಡಿದರು. ಎಲೆಕ್ಟ್ರಾನ್ ಕಕ್ಷೆಯ ವ್ಯಾಸ ಸುಮಾರು 1.3 ಮೀಟರ್ ಮಾತ್ರ. ಆ ಕಕ್ಷೆಯಲ್ಲಿ ಎಲೆಕ್ಟ್ರಾನ್ ಸೆಕೆಂಡಿಗೆ 7 ಕೋಟಿಗೂ ಹೆಚ್ಚು ಸುತ್ತು ಸುತ್ತುತ್ತಿತ್ತು. ಕೊಳವೆಯೊಳಗೆ ಗಾಳಿಯ ಒತ್ತಡವನ್ನು ಹೊರಗಿನ ಒತ್ತಡದ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕೆಳಕ್ಕೆ ಇಳಿಸಬೇಕಾಗಿತ್ತು. ಅಂದಿನ ತಂತ್ರಜ್ಞಾನಕ್ಕೆ ಇದು ಸುಲಭದ ಮಾತಾಗಿರಲಿಲ್ಲ; ಕೊರಾಜ್ಜಾ ಅವರ ಪರಿಶ್ರಮದಿಂದ ಅದು ಸಾಧ್ಯವಾಯಿತು.

ಪ್ರಸ್ತಾವ ಮಂಡಿಸಿ ಒಂದು ವರ್ಷ ತುಂಬುವ ಮೊದಲೇ, ಅಂದರೆ 1961ರ ಫೆಬ್ರವರಿ 27ರಂದು, ಆಡಾ ಉಂಗುರದಲ್ಲಿ ಮೊದಲ ಎಲೆಕ್ಟ್ರಾನ್‌ಗಳು ಸುತ್ತಿ ನಿಂತವು. ಅವು ನಿಂತಿವೆಯೆಂದು ತಿಳಿದ ಬಗೆ ಗಮನಾರ್ಹವಾಗಿದೆ. ಕೊಳವೆಯಲ್ಲಿ ಅಳವಡಿಸಿದ್ದ ಕಿಟಕಿಯ ಎದುರಿಗೆ ಬೆಳಕನ್ನು ಅಳೆಯುವ ಸೂಕ್ಷ್ಮ ಉಪಕರಣವೊಂದನ್ನು ಇರಿಸಲಾಗಿತ್ತು. ಎಲೆಕ್ಟ್ರಾನ್‌ಗಳು ಸೂಸುವ ಬೆಳಕು ಅದರ ಮೇಲೆ ಬಿದ್ದು, ಕಾಗದದ ಸುರುಳಿಯ ಮೇಲೆ ಗೆರೆಯೊಂದನ್ನು ಎಳೆಯುತ್ತಿತ್ತು. ಆ ಗೆರೆ ಇಳಿಜಾರಾಗಿ ಇಳಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಒಂದು ಮೆಟ್ಟಿಲೆಂದರೆ ಒಂದು ಎಲೆಕ್ಟ್ರಾನ್ ಕಳೆದುಹೋಯಿತೆಂದು ಅರ್ಥ. ಹೀಗೆ ಮೆಟ್ಟಿಲುಗಳನ್ನು ಎಣಿಸಿದರೆ ಉಂಗುರದಲ್ಲಿದ್ದ ಎಲೆಕ್ಟ್ರಾನ್‌ಗಳ ಸಂಖ್ಯೆ ತಿಳಿಯುತ್ತಿತ್ತು. ಒಂದೇ ಎಲೆಕ್ಟ್ರಾನಿನ ಬೆಳಕು ಕೂಡ ಕತ್ತಲೆಯಲ್ಲಿ ಬರಿಗಣ್ಣಿಗೆ ಕಾಣುವಷ್ಟಿತ್ತು. ದೂಲವನ್ನು ಮುಟ್ಟದೆ, ತಡೆಯದೆ, ಅದರ ಬೆಳಕಿನಿಂದಲೇ ಅಳೆಯುವ ಈ ವಿಧಾನ ಇಂದಿನ ಯಂತ್ರಗಳಲ್ಲಿಯೂ ಬಳಕೆಯಲ್ಲಿದೆ.

ಉಂಗುರದಲ್ಲಿ ಎರಡೂ ಬಗೆಯ ಕಣಗಳನ್ನು ತುಂಬಲು, ಒಂದು ಬಗೆಯದನ್ನು ತುಂಬಿದ ಮೇಲೆ ಇಡೀ ಉಂಗುರವನ್ನೇ ತಿರುಗಿಸಿ ಇನ್ನೊಂದನ್ನು ತುಂಬಬೇಕಾಗಿತ್ತು. ಹೀಗೆ ಮಗುಚುವಾಗ ಮೊದಲು ತುಂಬಿದ ದೂಲ ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು. ಕೊಳವೆಯೊಳಗೆ ಉಳಿದಿದ್ದ ಸೂಕ್ಷ್ಮ ಚೂರುಗಳು ಮಗುಚುವಾಗ ದೂಲದ ಹಾದಿಗೆ ಅಡ್ಡವಾಗಿ ಉದುರುತ್ತಿದ್ದುದೇ ಕಾರಣವೆಂದು ಕಂಡುಕೊಳ್ಳಲಾಯಿತು. ದೂಳಿನ ಕಣವೊಂದು ಇಡೀ ಪ್ರಯೋಗವನ್ನು ಕೆಡಿಸಬಲ್ಲದು.

ಓರ್ಸೆಗೆ ಪ್ರಯಾಣ

ಫ್ರಸ್ಕಾಟಿಯಲ್ಲಿ ಉಂಗುರಕ್ಕೆ ತುಂಬಲು ದೊರೆಯುತ್ತಿದ್ದ ಕಣಗಳ ಸಂಖ್ಯೆ ತೀರ ಕಡಿಮೆಯಾಗಿತ್ತು. ಪ್ಯಾರಿಸ್ ಬಳಿಯ ಓರ್ಸೆಯಲ್ಲಿ ಹೆಚ್ಚು ಶಕ್ತಿಶಾಲಿಯಾದ ನೇರ ವೇಗವರ್ಧಕವಿದ್ದುದರಿಂದ, 1962ರ ಜುಲೈ ತಿಂಗಳಿನಲ್ಲಿ ಆಡಾವನ್ನು ಲಾರಿಯಲ್ಲಿ ಹೇರಿ ಆಲ್ಪ್ಸ್ ಪರ್ವತದಾಚೆಗೆ ಸಾಗಿಸಲಾಯಿತು. ಕೊಳವೆಯ ನಿರ್ವಾತ ಕೆಡದಂತೆ ಪಂಪುಗಳನ್ನು ದಾರಿಯುದ್ದಕ್ಕೂ ಬ್ಯಾಟರಿಗಳಿಂದ ನಡೆಸಲಾಯಿತು. ಗಡಿಯಲ್ಲಿ ಸುಂಕದ ಅಧಿಕಾರಿಯು ಕೊಳವೆಯ ಒಳಗೆ ಏನಿದೆ ಎಂಬುದನ್ನು ತೆರೆದು ತೋರಿಸುವಂತೆ ಕೇಳಿದರು. ಒಳಗೆ ಏನೂ ಇಲ್ಲವೆಂಬುದೇ ಅದರ ಬೆಲೆಯಾಗಿತ್ತು. ತೆರೆದರೆ ತಿಂಗಳುಗಳ ಶ್ರಮ ಹಾಳಾಗುತ್ತಿತ್ತು. ಮೇಲಿನಿಂದ ಸೂಚನೆ ಬಂದ ನಂತರವೇ ಲಾರಿಗೆ ಅನುಮತಿ ದೊರೆಯಿತು. ಅಧಿಕಾರಿಯು ತನ್ನ ಕರ್ತವ್ಯವನ್ನೇ ಮಾಡುತ್ತಿದ್ದನೆಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಓರ್ಸೆಯಲ್ಲಿ ಪಿಯೆರ್ ಮರೆ, ಫ್ರಾನ್ಸ್ವಾ ಲಕೋಸ್ತ್ ಮತ್ತು ಜಾಕ್ ಐಸಿನ್ಸ್ಕಿ ಅವರು ತಂಡವನ್ನು ಸೇರಿಕೊಂಡರು. ವೇಗವರ್ಧಕವನ್ನು ಇತರ ಪ್ರಯೋಗಗಳೊಂದಿಗೆ ಹಂಚಿಕೊಳ್ಳಬೇಕಾಗಿದ್ದುದರಿಂದ ಆಡಾ ತಂಡದ ಕೆಲಸವು ಬಹುಪಾಲು ರಾತ್ರಿಗಳಲ್ಲಿಯೂ ವಾರಾಂತ್ಯಗಳಲ್ಲಿಯೂ ನಡೆಯಿತು.

ಟೂಶೆಕ್ ಪರಿಣಾಮ

1963ರ ಆರಂಭದಲ್ಲಿ ನಿರೀಕ್ಷಿಸದ ತೊಡಕೊಂದು ಎದುರಾಯಿತು. ಉಂಗುರಕ್ಕೆ ಕಣಗಳನ್ನು ತುಂಬುತ್ತ ಹೋದಂತೆ ಅವುಗಳ ಸಂಖ್ಯೆ ಮೊದಮೊದಲು ಏರಿ, ಆಮೇಲೆ ಏರಿಕೆ ನಿಧಾನವಾಗಿ, ಕೊನೆಗೆ ನಿಂತೇಹೋಯಿತು. ತೂತಿರುವ ಕೊಡಕ್ಕೆ ನೀರು ತುಂಬಿದಂತಾಯಿತು. ಅದರಲ್ಲಿಯೂ ನೀರು ಹೆಚ್ಚಿದಷ್ಟೂ ತೂತು ದೊಡ್ಡದಾಗುವ ಕೊಡ. ಕೊಳವೆಯಲ್ಲಿ ಉಳಿದಿರುವ ಗಾಳಿಯ ಅಣುಗಳಿಗೆ ತಾಗಿ ಎಲೆಕ್ಟ್ರಾನ್‌ಗಳು ಕಳೆದುಹೋಗುತ್ತಿದ್ದರೆ, ಪ್ರತಿ ಎಲೆಕ್ಟ್ರಾನಿನ ಸರಾಸರಿ ಆಯುಷ್ಯವು ಒಟ್ಟು ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂಬುದನ್ನು ಅವಲಂಬಿಸಬಾರದು. ಆದರೆ ಅಳತೆಗಳು ಬೇರೆಯದನ್ನೇ ತೋರಿಸಿದವು. ಎಲೆಕ್ಟ್ರಾನ್‌ಗಳ ಸಂಖ್ಯೆ ಹೆಚ್ಚಾದಷ್ಟೂ ಪ್ರತಿಯೊಂದರ ಆಯುಷ್ಯ ಕಡಿಮೆಯಾಗುತ್ತಿತ್ತು. ಅಂದರೆ ಅವುಗಳ ಶತ್ರು ಗಾಳಿಯಲ್ಲಿರಲಿಲ್ಲ. ಅವುಗಳ ಗುಂಪಿನಲ್ಲಿಯೇ ಇದ್ದಿತು.

ಕಾರಣವನ್ನು ಟೂಶೆಕ್ ಅವರು ಬಹುಬೇಗ ಲೆಕ್ಕ ಹಾಕಿ ತೋರಿಸಿದರು. ಉಂಗುರದಲ್ಲಿ ಎಲೆಕ್ಟ್ರಾನ್‌ಗಳು ಸಮನಾಗಿ ಹರಡಿರುವುದಿಲ್ಲ. ಚಿಕ್ಕ ಗುಚ್ಛಗಳಾಗಿ ಸಾಗುತ್ತವೆ. ಗುಚ್ಛದೊಳಗೆ ಪ್ರತಿ ಎಲೆಕ್ಟ್ರಾನೂ ಮುಂದಕ್ಕೆ ಓಡುತ್ತಲೇ ಎಡಬಲಕ್ಕೆ ಓಲಾಡುತ್ತಿರುತ್ತದೆ. ಹೀಗೆ ಓಲಾಡುವ ಎರಡು ಎಲೆಕ್ಟ್ರಾನ್‌ಗಳು ತೀರ ಸಮೀಪಿಸಿದಾಗ ಪರಸ್ಪರ ವಿಕರ್ಷಿಸಿ ದಿಕ್ಕು ಬದಲಿಸುತ್ತವೆ. ಪಕ್ಕದ ಓಲಾಟ ಮುಂದಿನ ಅಥವಾ ಹಿಂದಿನ ತಳ್ಳುವಿಕೆಯಾಗಿ ಮಾರ್ಪಡುತ್ತದೆ. ಗುಚ್ಛದ ಜೊತೆಗೆ ಓಡುತ್ತ ನೋಡಿದರೆ ಈ ತಳ್ಳುವಿಕೆ ಅತ್ಯಲ್ಪವಾದುದು. ಆದರೆ ನಿಂತು ನೋಡುವವರಿಗೆ, ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಅದು ಅನೇಕ ಪಟ್ಟು ದೊಡ್ಡದಾಗಿ ಕಾಣುತ್ತದೆ. 250 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಈ ಪಟ್ಟು ಸುಮಾರು 490. ಒಂದು ಎಲೆಕ್ಟ್ರಾನಿನ ಶಕ್ತಿ ಮಿತಿಮೀರಿ ಏರುತ್ತದೆ, ಇನ್ನೊಂದರದು ಮಿತಿಗಿಂತ ಇಳಿಯುತ್ತದೆ. ನಷ್ಟವನ್ನು ತುಂಬಿಕೊಡುವ ವಿದ್ಯುತ್ ಕ್ಷೇತ್ರವು ಒಂದು ಮಿತಿಯೊಳಗಿನ ವ್ಯತ್ಯಾಸವನ್ನು ಮಾತ್ರ ಸರಿಪಡಿಸಬಲ್ಲದು. ಆ ಮಿತಿ ದಾಟಿದ ಎರಡೂ ಎಲೆಕ್ಟ್ರಾನ್‌ಗಳು ಕಕ್ಷೆಯಿಂದ ಹೊರಬೀಳುತ್ತವೆ.

ಹ್ಯಾಂಬರ್ಗ್‌ನ ದಿನಗಳಲ್ಲಿ ಅವರು ಲೆಕ್ಕ ಹಾಕಿದ್ದ ವಿಕಿರಣದ ಪರಿಣಾಮ ಇಲ್ಲಿ ಮತ್ತೆ ಬಂದಿತು. ಎಲೆಕ್ಟ್ರಾನ್‌ಗಳು ಬೆಳಕನ್ನು ಸೂಸುವುದರಿಂದ ದೂಲ ತೆಳ್ಳಗಾಗುತ್ತದೆ. ಅಲ್ಲಿಯವರೆಗೆ ಇದು ವರವೆಂದೇ ತೋರಿತ್ತು. ಆದರೆ ತೆಳ್ಳಗಾದ ದೂಲದಲ್ಲಿ ಎಲೆಕ್ಟ್ರಾನ್‌ಗಳು ಒತ್ತೊತ್ತಾಗಿರುತ್ತವೆ, ಒಂದಕ್ಕೊಂದು ಎದುರಾಗುವ ಸಂಭವವೂ ಹೆಚ್ಚುತ್ತದೆ. ಪರಿಹಾರವೂ ಇದರಿಂದಲೇ ಹೊಳೆಯಿತು. ಕಾಂತದ ಏರ್ಪಾಡಿನಿಂದ ಎಡಬಲದ ಓಲಾಟದ ಸ್ವಲ್ಪ ಭಾಗವನ್ನು ಮೇಲುಕೆಳಗಿನ ಓಲಾಟವಾಗಿ ಮಾರ್ಪಡಿಸಿ ದೂಲವನ್ನು ತುಸು ದಪ್ಪಗೊಳಿಸಿದರೆ, ಆಯುಷ್ಯ ಹೆಚ್ಚುತ್ತದೆ.

ಇನ್ನೂ ಒಂದು ಉಪಯೋಗ ಕಂಡಿತು. ಆಯುಷ್ಯವು ದೂಲದ ಗಾತ್ರವನ್ನು ಅವಲಂಬಿಸುವುದರಿಂದ, ಆಯುಷ್ಯವನ್ನು ಗಡಿಯಾರದಿಂದ ಅಳೆದು ದೂಲದ ಗಾತ್ರವನ್ನು ಅಂದಾಜು ಮಾಡಬಹುದಾಯಿತು. ನೇರವಾಗಿ ಅಳೆಯಲು ಕಷ್ಟವಾದ ವಸ್ತುವಿಗೆ ಅದರ ದೋಷವೇ ಅಳತೆಗೋಲಾಯಿತು. ಈ ಫಲಿತಾಂಶಗಳು 1963ರಲ್ಲಿ ಅಮೆರಿಕದ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಪ್ರಕಟವಾದವು. ಶಕ್ತಿ ಹೆಚ್ಚಿದಂತೆ ಈ ಪರಿಣಾಮ ವೇಗವಾಗಿ ತಗ್ಗುತ್ತದೆಂಬ ಅಂಶವೂ ಲೆಕ್ಕದಿಂದ ಹೊರಬಿದ್ದಿತು. ಆಗಾಗಲೇ ಯೋಜನೆಯ ಹಂತದಲ್ಲಿದ್ದ ದೊಡ್ಡ ಉಂಗುರಕ್ಕೆ ಇದು ಭರವಸೆಯ ಸುದ್ದಿಯಾಗಿದ್ದಿತು. ಇಲ್ಲವಾದಲ್ಲಿ ಆ ಯೋಜನೆಯೇ ಪ್ರಶ್ನೆಗೆ ಒಳಗಾಗುತ್ತಿತ್ತು.

ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ನಿಜವಾಗಿಯೂ ಡಿಕ್ಕಿ ಹೊಡೆಯುತ್ತಿವೆ ಎಂಬುದಕ್ಕೆ ಸಾಕ್ಷ್ಯವನ್ನು ಆಡಾ ತಂಡವು 1964ರಲ್ಲಿ ಪ್ರಕಟಿಸಿತು. ಆಡಾದಲ್ಲಿ ಹೊಸ ಕಣವೇನೂ ದೊರೆಯಲಿಲ್ಲ. ಅದು ಅಷ್ಟು ಚಿಕ್ಕ ಯಂತ್ರ. ಆದರೆ ವಸ್ತು ಮತ್ತು ಪ್ರತಿವಸ್ತುವಿನ ದೂಲಗಳನ್ನು ಒಂದೇ ಉಂಗುರದಲ್ಲಿ ಕೂಡಿಟ್ಟು ಡಿಕ್ಕಿ ಹೊಡೆಸಿದ ಪ್ರಪಂಚದ ಮೊದಲ ಯಂತ್ರ ಅದೇ.

ಅಡೋನೆ ಮತ್ತು ತಪ್ಪಿಹೋದ ಕಣ

ದೊಡ್ಡ ಆಡಾ ಎಂಬ ಅರ್ಥದ ಅಡೋನೆ ಯಂತ್ರವು ಫ್ರಸ್ಕಾಟಿಯಲ್ಲಿ 1969ರಲ್ಲಿ ಕಾರ್ಯಾರಂಭ ಮಾಡಿತು. ಅದರ ಸುತ್ತಳತೆ 105 ಮೀಟರ್, ಪ್ರತಿ ದೂಲದ ಶಕ್ತಿ 1,500 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಒಟ್ಟು 3,000. ಆಗಿನ ಜ್ಞಾನದ ಪ್ರಕಾರ ಇದು ಸಾಕಷ್ಟು ದೊಡ್ಡ ಸಂಖ್ಯೆಯೇ. 1974ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ಜೆ-ಸೈ ಎಂಬ ಹೊಸ ಕಣವನ್ನು ಕಂಡುಹಿಡಿದಿರುವುದಾಗಿ ಘೋಷಿಸಿದವು. ಅದು ಇದ್ದುದು 3,097 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಬಳಿ, ಅಂದರೆ ಅಡೋನೆಯ ಮಿತಿಗಿಂತ ನೂರಕ್ಕೆ ಮೂರರಷ್ಟು ಮೇಲೆ. ಸುದ್ದಿ ತಲುಪಿದ ಕೂಡಲೇ ಫ್ರಸ್ಕಾಟಿಯವರು ಯಂತ್ರವನ್ನು ಅದರ ಮಿತಿಯಾಚೆಗೆ ದೂಡಿ, ಕೆಲವೇ ದಿನಗಳಲ್ಲಿ ಆ ಕಣವನ್ನು ತಾವೂ ಕಂಡರು. ಆದರೆ ಮೊದಲಿಗರೆಂಬ ಗೌರವ ಕೈತಪ್ಪಿತ್ತು. ಆ ಶೋಧಕ್ಕಾಗಿ 1976ರ ನೊಬೆಲ್ ಪ್ರಶಸ್ತಿಯು ಅಮೆರಿಕದ ಬರ್ಟನ್ ರಿಕ್ಟರ್ ಮತ್ತು ಸ್ಯಾಮ್ಯುಯಲ್ ಟಿಂಗ್ ಅವರಿಗೆ ಸಂದಿತು. ರಿಕ್ಟರ್ ಅವರ ತಂಡ ಬಳಸಿದ್ದುದು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಒಂದೇ ಉಂಗುರದಲ್ಲಿ ಸುತ್ತಿಸುವ ಯಂತ್ರವನ್ನೇ.

ಕೊನೆಯ ವರ್ಷಗಳು

ಟೂಶೆಕ್ ಅವರು 1972ರಲ್ಲಿ ಇಟಲಿಯ ಲಿಂಚೈ ಅಕಾಡೆಮಿಯ ವಿದೇಶೀ ಸದಸ್ಯರಾಗಿ ಆಯ್ಕೆಯಾದರು. 1977ರಲ್ಲಿ ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯಕ್ಕೆ ತೆರಳಿದರು. ಅತಿಯಾದ ಮದ್ಯಪಾನದಿಂದ ಅವರ ಆರೋಗ್ಯ ಅದಾಗಲೇ ಕುಂದಿತ್ತು. ಆಸ್ಪತ್ರೆಯ ವಾಸ ಮೇಲಿಂದ ಮೇಲೆ ಒದಗಿತು. 1978ರ ಮೇ 25ರಂದು ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ ತಮ್ಮ 57ನೇ ವಯಸ್ಸಿನಲ್ಲಿ ಅವರು ನಿಧನರಾದರು. ಅಮಾಲ್ಡಿ ಅವರು ಬರೆದ ಜೀವನಚರಿತ್ರೆಯನ್ನು ಸೆರ್ನ್ 1981ರಲ್ಲಿ ಪ್ರಕಟಿಸಿತು.

ನಂತರದ ಯಂತ್ರಗಳು

ಸೆರ್ನ್ ಪ್ರಯೋಗಾಲಯದಲ್ಲಿ 1989ರಿಂದ 2000ದವರೆಗೆ ನಡೆದ 27 ಕಿಲೋಮೀಟರ್ ಸುತ್ತಳತೆಯ ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರವು ಆಡಾದ ವಂಶಕ್ಕೆ ಸೇರಿದುದೇ ಆಗಿದೆ. ಆದರೆ ಟೂಶೆಕ್ ಅವರ ಹೆಸರು ಪ್ರತಿದಿನ ಕೇಳಿಬರುವುದು ಡಿಕ್ಕಿಯ ಯಂತ್ರಗಳಿಗಿಂತ ಹೆಚ್ಚಾಗಿ ಸಿಂಕ್ರೊಟ್ರಾನ್ ಬೆಳಕಿನ ಕೇಂದ್ರಗಳಲ್ಲಿ. ಈ ಕೇಂದ್ರಗಳಲ್ಲಿ ಎಲೆಕ್ಟ್ರಾನ್‌ಗಳು ಸೂಸುವ ಕ್ಷ-ಕಿರಣಗಳನ್ನು ಔಷಧಗಳ, ಲೋಹಗಳ ಮತ್ತು ಪ್ರೋಟೀನುಗಳ ರಚನೆಯನ್ನು ತಿಳಿಯಲು ಬಳಸಲಾಗುತ್ತದೆ. ಬೆಳಕು ಪ್ರಖರವಾಗಬೇಕಾದರೆ ದೂಲ ತೆಳ್ಳಗಿರಬೇಕು. ತೆಳ್ಳಗಾದಷ್ಟೂ ಟೂಶೆಕ್ ಪರಿಣಾಮದಿಂದ ಅದರ ಆಯುಷ್ಯ ಕಡಿಮೆಯಾಗುತ್ತದೆ. ಆದುದರಿಂದ ಹೊಸ ಕೇಂದ್ರಗಳಲ್ಲಿ ಕಳೆದುಹೋದ ಎಲೆಕ್ಟ್ರಾನ್‌ಗಳ ಜಾಗಕ್ಕೆ ಆಗಿಂದಾಗ್ಗೆ ಹೊಸವನ್ನು ತುಂಬುತ್ತ ದೂಲವನ್ನು ಒಂದೇ ಮಟ್ಟದಲ್ಲಿ ಇಡಲಾಗುತ್ತದೆ.

ಇಂದೋರಿನ ಇಂಡಸ್-1 ಉಂಗುರವು 450 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯದು. ಇಂಡಸ್-2 ಉಂಗುರದ ಶಕ್ತಿ 2,500 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್; ಸುತ್ತಳತೆ 172.5 ಮೀಟರ್. ಶಕ್ತಿ ಕಡಿಮೆಯಿರುವ ಇಂಡಸ್-1ರಲ್ಲಿ ಈ ಪರಿಣಾಮದ ಕಾಟ ಹೆಚ್ಚು. ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾ ಸಂಸ್ಥೆಗಳ ಸಂಶೋಧಕರು ಪ್ರಯೋಗದ ಪ್ರಸ್ತಾವವನ್ನು ಸಲ್ಲಿಸಿ, ಅದು ಅಂಗೀಕಾರವಾದಲ್ಲಿ, ಇಲ್ಲಿನ ಬೆಳಕನ್ನು ಬಳಸಿಕೊಳ್ಳಬಹುದಾಗಿದೆ.

ಆಡಾ ಉಂಗುರವನ್ನು ಫ್ರಸ್ಕಾಟಿ ಪ್ರಯೋಗಾಲಯದ ಆವರಣದಲ್ಲಿ ಕಾಪಾಡಿ ಪ್ರದರ್ಶನಕ್ಕೆ ಇಡಲಾಗಿದೆ. ಯುವ ಭೌತವಿಜ್ಞಾನಿಗಳಿಗಾಗಿ ಅಲ್ಲಿ ನಡೆಸಲಾಗುವ ವಸಂತಕಾಲದ ಶಿಬಿರಕ್ಕೆ ಟೂಶೆಕ್ ಅವರ ಹೆಸರನ್ನು ಇಡಲಾಗಿದೆ.